ನಾಲಿಗೆಗೆ ಎಟುಕದ ಜಾಗ

ನಾಯಿಯ ಉಣ್ಣೆ, ಚಿಗಟಕ್ಕೆ ಹಾಕುವ ಹನಿ ಔಷಧಿಯ ಡಬ್ಬಿಯೊಳಗೆ ಹತ್ತು ಸಲ ಮಡಚಿದ ಒಂದು ಕಾಗದ ಇರುತ್ತೆ. ಇರುವೆ ಸಾಲಿನಂಥ ಅಕ್ಷರ, ಹಾಗಾಗಿ ಓದುವವರು ಕಡಿಮೆ. ಪಟ್ಟು ಹಿಡಿದು ಓದಿದರೆ ಒಂದಕ್ಕೊಂದು ತಾಳೆಯಾಗದ ಎರಡು ಮಾತು ಅದರಲ್ಲಿ ಸಿಗುತ್ತವೆ. ಮೊದಲನೆಯದು ನಮಗೆ: ಔಷಧಿ ಕೈಗೆ ತಾಗಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಮಕ್ಕಳಿಂದ ದೂರ ಇಡಿ, ಹಾಕಿದ ಜಾಗ ಒಣಗುವವರೆಗೆ ಮುಟ್ಟಬೇಡಿ. ಎರಡನೆಯದು ನಾಯಿಗೆ: ಪಿಪೆಟ್ಟಿನಲ್ಲಿರುವುದನ್ನೆಲ್ಲ ಅದರ ಚರ್ಮದ ಮೇಲೆ ಹಿಂಡಿ, ಎರಡು ದಿನ ಸ್ನಾನ ಬೇಡ, ಒಂದು ತಿಂಗಳು ಅದು ಅಲ್ಲೇ ಇರಲಿ.

ನನ್ನ ಬೆರಳಿಗೆ ಒಂದು ನಿಮಿಷಕ್ಕೂ ಬೇಡವಾದದ್ದು ಅದರ ಬೆನ್ನಿಗೆ ಒಂದು ತಿಂಗಳು ಆಗಬಹುದು. ಇದನ್ನು ನಾವು ಪ್ರೀತಿಯಿಂದಲೇ ಮಾಡ್ತೀವಿ. ಮಾಡಬೇಕಾದದ್ದೂ ಹೌದು. ಆದರೂ ಈ ಎರಡು ಸಾಲುಗಳ ನಡುವೆ ಏನೋ ಒಂದು ಪ್ರಶ್ನೆ ಕೂತಿದೆ. ‘ನಾಯಿಗೆ ಏನೂ ಆಗಲ್ಲ ಬಿಡಿ’ ಅಂತ ಅದನ್ನು ದಾಟಿ ಹೋಗೋದು ಸುಲಭ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲೋಣ ಅಂತೀನಿ.

ಮೊದಲು ಔಷಧಿ ಅನ್ನೋ ಪದವನ್ನೇ ನೋಡಿ. ನಮ್ಮ ಹಳ್ಳಿಗಳಲ್ಲಿ ಗದ್ದೆಗೆ ಕೀಟನಾಶಕ ಹೊಡೆಯೋದಕ್ಕೆ ‘ಔಷಧಿ ಹೊಡೆಯೋದು’ ಅಂತಲೇ ಅನ್ನೋದು. ಯಾರಾದರೂ ಅದನ್ನು ಕುಡಿದು ಜೀವ ಕಳೆದುಕೊಂಡರೆ ‘ಔಷಧಿ ಕುಡಿದುಬಿಟ್ಟ’ ಅಂತಾರೆ. ಒಂದೇ ಪದ ಬದುಕಿಸೋದಕ್ಕೂ ಸಾಯಿಸೋದಕ್ಕೂ. ಪೇಟೆಯ ನಾಯಿಯ ಬೆನ್ನಿಗೆ ಬೀಳುವ ಹನಿಯ ವಿಷಯದಲ್ಲಿ ಈ ಪದ ಅಕ್ಷರಶಃ ನಿಜ. ಅದರಲ್ಲಿ ಸಾಮಾನ್ಯವಾಗಿ ಇರುವ ಫಿಪ್ರೊನಿಲ್ ಭತ್ತದ ಕಾಂಡಕೊರಕಕ್ಕೆ ಹೊಡೆಯುವ ಅದೇ ಫಿಪ್ರೊನಿಲ್. ಅಡುಗೆಮನೆಯ ಜಿರಲೆ ಜೆಲ್‌ನಲ್ಲೂ ಅದು ಇರುತ್ತೆ. 2017ರಲ್ಲಿ ಯುರೋಪಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸ್ ತೆಗೆದದ್ದು, ಕೋಳಿಗೂಡಿಗೆ ಬಳಸಬಾರದಿದ್ದ ಈ ಫಿಪ್ರೊನಿಲ್ ಮೊಟ್ಟೆಯೊಳಗೆ ಸಿಕ್ಕಿದ್ದರಿಂದ. ಇನ್ನು ಕೆಲವು ಹನಿಗಳಲ್ಲಿರುವ ಇಮಿಡಾಕ್ಲೋಪ್ರಿಡ್ ಹತ್ತಿ ಹೊಲದ ಹಳೇ ಪರಿಚಯ. ಡಬ್ಬಿಯ ಮೇಲೆ ಹಲ್ಲು ಬಿಟ್ಟು ನಗುವ ಗೋಲ್ಡನ್ ರಿಟ್ರೀವರ್ ಚಿತ್ರ ಇದ್ದರೆ ಇದೆಲ್ಲ ಮರೆತುಹೋಗುತ್ತೆ, ಅಷ್ಟೇ.

ಹಾಗಾದರೆ ನಾಯಿ ಯಾಕೆ ಸಾಯಲ್ಲ? ಕೀಟಗಳ ನರದಲ್ಲಿ ಉದ್ರೇಕವನ್ನು ತಗ್ಗಿಸುವ ಒಂದು ಬಾಗಿಲು ಇದೆ, ನಮ್ಮ ಮೋಟರ್‌ಬೈಕಿನ ಬ್ರೇಕಿನ ಹಾಗೆ. ಫಿಪ್ರೊನಿಲ್ ಆ ಬಾಗಿಲನ್ನು ಮುಚ್ಚುತ್ತೆ. ಬ್ರೇಕಿಲ್ಲದ ನರ ಹುಚ್ಚೆದ್ದು ಓಡಿ, ಚಿಗಟ ನಡುಗಿ ಸಾಯುತ್ತೆ. ಉಣ್ಣೆಗೂ ಅದೇ ಗತಿ (ಎಂಟು ಕಾಲಿನ ಉಣ್ಣೆ ಕೀಟವಲ್ಲ, ಜೇಡದ ಬಳಗ. ಆದರೆ ವಿಷಕ್ಕೆ ಆ ಭೇದ ಇಲ್ಲ). ಇಂಥದ್ದೇ ಬಾಗಿಲು ನಾಯಿಯ ನರದಲ್ಲೂ ಇದೆ, ನನ್ನಲ್ಲೂ ಇದೆ. ಆದರೆ ಅದರ ಆಕಾರ ಬೇರೆ. ವಿಷ ಕೀಟದ ಬಾಗಿಲಿಗೆ ಅಂಟಿಕೊಳ್ಳುವಷ್ಟು ಬಿಗಿಯಾಗಿ ನಮ್ಮದಕ್ಕೆ ಅಂಟಲ್ಲ. ಜೊತೆಗೆ ಚರ್ಮದ ಮೇಲೆ ಬಿದ್ದ ಹನಿ ಮೈಯ ಎಣ್ಣೆಯಂಶದ ಜೊತೆ ಸೇರಿ ಹರಡಿ, ರೋಮದ ಬುಡದ ಎಣ್ಣೆಗ್ರಂಥಿಗಳಲ್ಲಿ ಕೂತು, ಅಲ್ಲಿಂದ ದಿನವೂ ಒಂದಿಷ್ಟು ಹೊರಬರುತ್ತೆ. ರಕ್ತಕ್ಕೆ ಹೋಗೋದು ಬಹಳ ಕಡಿಮೆ. ಸ್ನಾನ ಬೇಡ ಅನ್ನೋದು ಇದಕ್ಕೇ. ಶಾಂಪೂ ಹಾಕಿ ಎಣ್ಣೆ ತೆಗೆದ ಮೈಮೇಲೆ ಔಷಧಿ ಹರಡೋದಕ್ಕೆ ದಾರಿಯೇ ಇರಲ್ಲ. ಹಿಂದೆ ಎರಡು ದಿನ, ಮುಂದೆ ಎರಡು ದಿನ ನೀರು ಬೇಡ.

ಅಂದರೆ ಸುರಕ್ಷಿತ ಅನ್ನೋದು ಆ ದ್ರವದ ಗುಣವಲ್ಲ. ಯಾರ ಮೇಲೆ, ಎಷ್ಟು, ಎಲ್ಲಿ ಅನ್ನೋ ಮೂರು ಪ್ರಶ್ನೆಗೆ ಉತ್ತರ ಸರಿ ಇದ್ದಾಗ ಮಾತ್ರ ಅದು ಸುರಕ್ಷಿತ. ಒಂದು ಉತ್ತರ ತಪ್ಪಿದರೂ ಅದು ಮತ್ತೆ ಗದ್ದೆಯ ಔಷಧಿಯೇ.

‘ಎಲ್ಲಿ’ ಅನ್ನೋದಕ್ಕೆ ಉತ್ತರ: ಹೆಗಲಿನ ಎರಡು ಮೂಳೆಗಳ ನಡುವೆ, ಕತ್ತಿನ ಬುಡದಲ್ಲಿ. ರೋಮ ಬಿಡಿಸಿ, ಬಿಳಿ ಚರ್ಮ ಕಾಣಿಸಿದ ಮೇಲೆ, ಚರ್ಮಕ್ಕೇ. ರೋಮದ ಮೇಲೆ ಸುರಿದರೆ ಅದು ನಿಮ್ಮ ಸೋಫಾಗೆ ಹಾಕಿದ ಔಷಧಿಯಾಗುತ್ತೆ. ಗಾಯ, ಕೆರೆತ ಇರುವ ಚರ್ಮಕ್ಕೆ ಹಾಕಬಾರದು. ಆ ಜಾಗವೇ ಯಾಕೆ ಅಂದರೆ, ನಾಯಿಯ ಮೈಯಲ್ಲಿ ಅದರ ನಾಲಿಗೆಗೆ ಎಟುಕದ ಜಾಗ ಅದು.

ಈ ಮಾತು ನನ್ನನ್ನು ತುಂಬ ಕಾಡುತ್ತೆ. ನಾಲಿಗೆ ಎಟುಕದ ಜಾಗ. ನೆಕ್ಕೋದಕ್ಕೂ ಎಟುಕಲ್ಲ, ಹೇಳೋದಕ್ಕೂ ಎಟುಕಲ್ಲ. ಅಲ್ಲಿ ಉರಿಯುತ್ತಿದೆಯಾ, ತಲೆ ಸುತ್ತುತ್ತಿದೆಯಾ, ಬಾಯಿ ಕಹಿಯಾ ಅಂತ ಅದು ಹೇಳುವ ಹಾಗಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದದ್ದು ಮಂಗನ ಕಾಯಿಲೆ. ಅದು ಹರಡೋದೂ ಉಣ್ಣೆಯಿಂದ, ಮಲೆನಾಡಿನವರು ಉಣುಗು ಅಂತಾರಲ್ಲ, ಅದರಿಂದ. ಅದು ನಮ್ಮ ಪೇಟೆ ನಾಯಿಯ ಉಣ್ಣೆಯ ಜಾತಿಯಲ್ಲ, ಕಾಡಿನ ಬೇರೆ ಜಾತಿ. ಅಲ್ಲಿ ಕಾಡಿಗೆ ಹೋಗುವವರಿಗೆ ಕೈಕಾಲಿಗೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಕೊಡ್ತಾರೆ. ಕೊಟ್ಟದ್ದನ್ನು ಹಚ್ಚಿಕೊಳ್ಳೋದು ಬಿಡೋದು ಆ ಮನುಷ್ಯನಿಗೆ ಬಿಟ್ಟದ್ದು. ಬೇಡ ಅನ್ನಬಹುದು, ತುರಿಕೆ ಆಯ್ತು ಅಂತ ಆಶಾ ಕಾರ್ಯಕರ್ತೆಗೆ ಹೇಳಬಹುದು, ಸಿಟ್ಟು ಬಂದರೆ ಬಾಟಲಿ ಎಸೆಯಬಹುದು. ಮೈ ನನ್ನದು ಅನ್ನುವ ಒಂದು ಹಕ್ಕು ಅಲ್ಲಿ ಉಳಿದಿರುತ್ತೆ.

ಮಕ್ಕಳಿಗೆ ಲಸಿಕೆ ಹಾಕಿಸುವಾಗಲೂ ಯಾರೂ ಅವರ ಒಪ್ಪಿಗೆ ಕೇಳಲ್ಲವಲ್ಲ ಅಂತ ನೀವು ಅನ್ನಬಹುದು. ನಿಜ. ಆದರೆ ಮಗು ಬೆಳೆಯುತ್ತೆ. ಇಪ್ಪತ್ತು ವರ್ಷದ ಮೇಲೆ ‘ಅಮ್ಮ, ನನಗೆ ಯಾಕೆ ಹಾಗೆ ಮಾಡಿದ್ರಿ?’ ಅಂತ ಕೇಳಬಹುದು. ಅಪ್ಪ-ಅಮ್ಮ ಏನೇ ಮಾಡಿದರೂ ಒಳಗೆಲ್ಲೋ ಆ ಪ್ರಶ್ನೆಯ ಭಯ ಇದ್ದೇ ಇರುತ್ತೆ, ಅದು ಅವರನ್ನು ಸ್ವಲ್ಪ ಹದದಲ್ಲಿ ಇಡುತ್ತೆ. ನಾಯಿ ಯಾವತ್ತೂ ಕೇಳಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಇದು ಎಂದೂ ಆಡಿಟ್ ಆಗದ ಖಾತೆ. ಡೋಸ್ ಹೆಚ್ಚಾಗಿ ಅದು ರಾತ್ರಿಯೆಲ್ಲ ಮೂಲೆಯಲ್ಲಿ ಜೊಲ್ಲು ಸುರಿಸುತ್ತ ಕೂತಿದ್ದರೂ, ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಬಾಲ ಅಲ್ಲಾಡಿಸುತ್ತೆ. ನಮಗೆ ಆ ಬಾಲವೇ ಫೀಡ್‌ಬ್ಯಾಕ್. ಐದಕ್ಕೆ ಐದು ಸ್ಟಾರ್, ಯಾವಾಗಲೂ.

ಆಡಿಟ್ ಇಲ್ಲದ ಕಡೆ ನಾವು ಹೇಗೆ ಕೆಲಸ ಮಾಡ್ತೀವಿ ಅನ್ನೋದು ನಮಗೆಲ್ಲ ಗೊತ್ತಿರುವ ಕಥೆ. ಅಂದಾಜಿನಲ್ಲಿ.

ಉದಾಹರಣೆಗೆ ತೂಕ. ಪಿಪೆಟ್ಟುಗಳನ್ನು ಸಾಮಾನ್ಯವಾಗಿ 10 ಕೆಜಿವರೆಗೆ, 10ರಿಂದ 20, 20ರಿಂದ 40 ಅಂತ ಗುಂಪು ಮಾಡಿರ್ತಾರೆ. ಅಂಗಡಿಯಲ್ಲಿ ‘ನಿಮ್ದು ಎಷ್ಟು ಕೆಜಿ ಸಾರ್?’ ಅಂದಾಗ ನಮ್ಮ ಉತ್ತರ ‘ಒಂದ್ ಇಪ್ಪತ್ತು ಇರ್ಬೋದು’. ಈ ‘ಇರ್ಬೋದು’ ಎಷ್ಟು ದುಬಾರಿ ಅಂತ ಲೆಕ್ಕ ಹಾಕಿ. ಒಂದೇ ಗುಂಪಿನೊಳಗೇ, 10 ಕೆಜಿಯ ನಾಯಿಗೆ ಪ್ರತಿ ಕೆಜಿಗೆ ಬೀಳುವ ಔಷಧಿ 20 ಕೆಜಿಯ ನಾಯಿಗೆ ಬೀಳುವುದರ ಎರಡು ಪಟ್ಟು. ಇದು ಸರಿಯಾದ ಪಿಪೆಟ್ ತಗೊಂಡಾಗ. ಗುಂಪೇ ತಪ್ಪಿದರೆ ನಾಲ್ಕು ಪಟ್ಟು ಆಗೋದು ಕಷ್ಟವಲ್ಲ. ಅಮೆರಿಕದಲ್ಲಿ 2008ರಲ್ಲಿ ಇಂಥ ಹನಿ ಔಷಧಿಗಳ ಬಗ್ಗೆ ಸುಮಾರು 44,000 ದೂರುಗಳು ಬಂದವು. ಹೆಚ್ಚಿನವು ಚರ್ಮ ಕೆಂಪಾದ, ತುರಿಸಿದ ದೂರುಗಳು, ಕೆಲವು ಸಾವಿನವು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕೂತು ನೋಡಿದಾಗ ಹೆಚ್ಚು ತೊಂದರೆಗೆ ಸಿಕ್ಕಿದ್ದು ಸಣ್ಣ ನಾಯಿಗಳು ಅಂತ ಕಂಡಿತು. ನಾಯಿಯದನ್ನು ಬೆಕ್ಕಿಗೆ ಹಾಕಿದ ಪ್ರಕರಣಗಳೂ ಇದ್ದವು. 2010ರಲ್ಲಿ ಲೇಬಲ್ಲುಗಳನ್ನು ಇನ್ನಷ್ಟು ಸ್ಪಷ್ಟ ಮಾಡಬೇಕು ಅಂತ ಅವರು ಹೇಳಿದ್ದು ಅದಾದ ಮೇಲೆಯೇ. ಡಬ್ಬಿಯ ಮೇಲಿನ ಒಂದೊಂದು ಒಣಕಲು ವಾಕ್ಯದ ಹಿಂದೆಯೂ ಎಲ್ಲೋ ಒಂದು ನಾಯಿ ನಡುಗಿದೆ.

ತೂಕ ನೋಡೋದಕ್ಕೆ ದೊಡ್ಡ ಉಪಕರಣ ಬೇಡ. ನಾಯಿಯನ್ನು ಎತ್ತಿಕೊಂಡು ಸ್ಕೇಲಿನ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಎತ್ತೋಕಾಗದಷ್ಟು ದೊಡ್ಡ ನಾಯಿಯಾದರೆ ಡಾಕ್ಟರ ಹತ್ತಿರ ಸ್ಕೇಲ್ ಇರುತ್ತೆ. ಇಷ್ಟು ಸಣ್ಣ ಕೆಲಸವನ್ನು ನೈತಿಕತೆ ಅಂತ ಕರೆಯೋದಕ್ಕೆ ಸಂಕೋಚವಾಗುತ್ತೆ, ಗೊತ್ತು. ಯುಧಿಷ್ಠಿರ ಸ್ವರ್ಗದ ಬಾಗಿಲಲ್ಲಿ ನಿಂತು, ನಾಯಿ ಬಾರದಿದ್ದರೆ ನಾನೂ ಬರಲ್ಲ ಅಂದ ಕಥೆ ನಮ್ಮ ಮನಸ್ಸಿನಲ್ಲಿದೆ. ನಾಯಿಯ ಬಗೆಗಿನ ಧರ್ಮ ಅಂದರೆ ನಮಗೆ ಹಾಗಿರಬೇಕು, ರಥ, ಇಂದ್ರ, ತ್ಯಾಗ ಎಲ್ಲ ಇರಬೇಕು. ಆ ನಾಯಿಗೆ ಹಿಮಾಲಯದ ದಾರಿಯಲ್ಲಿ ಉಣ್ಣೆ ಹತ್ತಿತ್ತೇ, ಧರ್ಮರಾಯ ಏನು ಹಚ್ಚಿದ ಅಂತ ವ್ಯಾಸರು ಬರೆದಿಲ್ಲ. ಕೈಬಿಡದಿರೋದು ದೊಡ್ಡದೇ. ಆದರೆ ಹದಿಮೂರು ವರ್ಷ ಒಂದು ಫ್ಲ್ಯಾಟಿನಲ್ಲಿ ಜೊತೆಗಿರುವ ನಾಯಿಗೆ ನಮ್ಮಿಂದ ಬೇಕಾಗೋದು ಹೆಚ್ಚಾಗಿ ಈ ಸ್ಕೇಲಿನ ಮಟ್ಟದ್ದು.

ಇನ್ನೊಂದು ಮಾತು ಅಂಗಡಿಗಳಲ್ಲಿ ಕೇಳಿಬರುತ್ತೆ: ‘ಮೇಡಂ, ದೊಡ್ ನಾಯಿದು ತಗೊಂಡ್ಬಿಡಿ, ನಿಮ್ಮ ಎರಡು ಚಿಕ್ಕದಕ್ಕೂ ಹಂಚಿ ಹಾಕ್ಬೋದು, ಉಳೀತು ದುಡ್ಡು.’ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ತಿಂಗಳು ತಿಂಗಳು ನೂರಾರು ರೂಪಾಯಿ, ಎರಡು ನಾಯಿ ಅಂದರೆ ಭಾರವೇ. ಆದರೆ ಪಿಪೆಟ್ಟಿನಲ್ಲಿ ಅರ್ಧ ಗೆರೆ ಇಲ್ಲ. ಮೊದಲ ನಾಯಿಗೆ ಮುಕ್ಕಾಲು ಬಿದ್ದು, ಎರಡನೆಯದಕ್ಕೆ ಕಾಲು ಬೀಳುತ್ತೆ. ಒಂದಕ್ಕೆ ಹೆಚ್ಚಿನ ವಿಷ, ಇನ್ನೊಂದಕ್ಕೆ ಉಣ್ಣೆ ಸಾಯದಷ್ಟು ಕಡಿಮೆ. ದುಡ್ಡು ಉಳಿಸಬೇಕಾದ ಸ್ಥಿತಿ ಯಾರಿಗೂ ಬರಬಹುದು. ಉಳಿಸಿದ ಆ ದುಡ್ಡಿಗೆ ಬದಲಾಗಿ ಅಪಾಯ ಹೊತ್ತವರು ಯಾರು ಅಂತ ಕೇಳಿಕೊಂಡು ಉಳಿಸಬೇಕು ಅಂತ ಮಾತ್ರ ನನ್ನ ವಾದ. ಹಸುವಿಗೆ ಅಂತ ಸಿಗುವ, ನೀರಿಗೆ ಬೆರೆಸುವ ಅಗ್ಗದ ದ್ರಾವಣಗಳದ್ದೂ ಇದೇ ಕಥೆ. ‘ಒಂದ್ ಮುಚ್ಚಳ ಬಕೆಟ್ ನೀರಿಗೆ’ ಅನ್ನುವ ಅಳತೆಯಲ್ಲಿ ಮುಚ್ಚಳ ಯಾವುದು, ಬಕೆಟ್ ಎಷ್ಟು ದೊಡ್ಡದು ಅಂತ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ. ಅದನ್ನು ಮುಚ್ಚಿದ ಬಾತ್‌ರೂಮಿನಲ್ಲಿ, ಬರಿಗೈಯಲ್ಲಿ ಮಾಡುವವರು ಬೇರೆ.

ಹಾಗಾದರೆ ಇದ್ಯಾವುದೂ ಬೇಡ, ನ್ಯಾಚುರಲ್ ಆಗಿ ಮಾಡ್ತೀನಿ ಅನ್ನುವ ಒಂದು ದೊಡ್ಡ ಗುಂಪು ನಮ್ಮಲ್ಲಿದೆ. ಬೇವಿನೆಣ್ಣೆ, ಕರ್ಪೂರ, ಊಟಕ್ಕೆ ಬೆಳ್ಳುಳ್ಳಿ, ವಾಟ್ಸಾಪಿನಲ್ಲಿ ಬಂದ ಟೀ ಟ್ರೀ ಎಣ್ಣೆ. ಅವರ ಮನಸ್ಸು ನನಗೆ ಅರ್ಥವಾಗುತ್ತೆ. ವಿಷವನ್ನು ಕೈಯಲ್ಲಿ ಹಿಡಿಯಲಾರದ ಮನಸ್ಸು ಅದು, ಒಳ್ಳೆಯದೇ. ಆದರೆ ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕರ್ಪೂರವೂ ಟೀ ಟ್ರೀ ಎಣ್ಣೆಯೂ ನಾಯಿಗೆ ವಿಷವೇ. ಇನ್ನೊಂದು ಕಡೆ, ನಾವು ಕೆಮಿಕಲ್ ಅನ್ನುವ ಪರ್ಮೆಥ್ರಿನ್‌ನ ಮೂಲ ಮಾದರಿ ಬಂದದ್ದೇ ಸೇವಂತಿಗೆ ಬಳಗದ ಒಂದು ಹೂವಿನಿಂದ. ಗಿಡದಿಂದ ಬಂದದ್ದು ಸಾಧು, ಫ್ಯಾಕ್ಟರಿಯಿಂದ ಬಂದದ್ದು ದುಷ್ಟ ಅನ್ನೋದು ನಮ್ಮ ಸಮಾಧಾನಕ್ಕೆ ಮಾಡಿಕೊಂಡ ವಿಭಾಗ. ನಾಯಿಯ ಲಿವರ್‌ಗೆ ಅದು ಗೊತ್ತಿಲ್ಲ.

ಏನೂ ಹಾಕದೆ ಇರೋದೂ ಮುಗ್ಧತೆಯಲ್ಲ. ನಮ್ಮ ಊರುಗಳಲ್ಲಿ ನಾಯಿಗೆ ಹತ್ತುವ ಕಂದು ಉಣ್ಣೆ ವರ್ಷವಿಡೀ ಇರುತ್ತೆ. ಮರಿ, ಎಳೆಯದು, ಬೆಳೆದದ್ದು ಅಂತ ಮೂರು ಹಂತದಲ್ಲೂ ಅದು ನಾಯಿಯ ರಕ್ತ ಕುಡಿದು, ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಅಡಗುತ್ತೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತೆ. ತಿಂಗಳುಗಟ್ಟಲೆ ಉಪವಾಸ ಇದ್ದು ಕಾಯಬಲ್ಲದು. ಅದು ತರುವ ಎರ್ಲಿಕಿಯಾ ರೋಗಾಣು ಕಚ್ಚಿದ ಕೆಲವೇ ಗಂಟೆಗಳಲ್ಲಿ ನಾಯಿಗೆ ದಾಟಬಲ್ಲದು. ಜ್ವರ, ಊಟ ಬಿಡೋದು, ಪ್ಲೇಟ್‌ಲೆಟ್ ಇಳಿಯೋದು, ಕೊನೆಗೆ ಮೂಗಿನಿಂದ ರಕ್ತ. ಬಬೇಸಿಯಾ ಆದರೆ ರಕ್ತಕಣಗಳೇ ಒಡೆದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಇದನ್ನು ಒಂದು ಸಲ ಕಣ್ಣಾರೆ ಕಂಡವರು ಪಿಪೆಟ್ಟಿನ ಬಗ್ಗೆ ತತ್ವಶಾಸ್ತ್ರ ಮಾತಾಡುವವರನ್ನು ಹೊಡೆಯೋದಕ್ಕೆ ಬಂದರೆ ನಾನು ತಪ್ಪು ಅನ್ನಲ್ಲ.

(ಉಣ್ಣೆಯ ಪಾಡೇನು, ಅದೂ ಜೀವವಲ್ಲವಾ ಅಂತ ಕೇಳುವ ಜೈನ ಗೆಳೆಯರಿಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಈ ಜಗಳದಲ್ಲಿ ನಾನು ನಾಯಿಯ ಪಕ್ಷ, ಅಷ್ಟೇ. ಪಕ್ಷಪಾತವನ್ನು ನ್ಯಾಯ ಅಂತ ಕರೆಯಲ್ಲ, ಬಿಡೋದೂ ಇಲ್ಲ.)

ಅಂದರೆ ಎರಡು ಅಪಾಯಗಳ ನಡುವೆ ಒಂದನ್ನು ನಾವು ಅದರ ಪರವಾಗಿ ಆರಿಸ್ತಿದ್ದೀವಿ. ಆದರೆ ಆ ಅಪಾಯ ಅದೊಂದರದ್ದೇ ಅಂದುಕೊಂಡರೆ ಲೆಕ್ಕ ಅರ್ಧವೇ ಆಯ್ತು.

ಬೆಕ್ಕನ್ನು ತಗೊಳ್ಳಿ. ನಾಯಿಯ ಹನಿ ಔಷಧಿ ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತೆ, ಅದೂ ತುಂಬ ಗಟ್ಟಿ ಪ್ರಮಾಣದಲ್ಲಿ. ನಾಯಿ ಅದನ್ನು ಅರಗಿಸಿಕೊಳ್ಳುತ್ತೆ. ಬೆಕ್ಕಿನ ಲಿವರ್‌ನಲ್ಲಿ ಅದನ್ನು ಒಡೆದು ಹೊರಹಾಕುವ ವ್ಯವಸ್ಥೆ ತೀರಾ ದುರ್ಬಲ. ಬೆಕ್ಕಿಗೆ ನೇರವಾಗಿ ಹಾಕೋದೇ ಬೇಕಿಲ್ಲ. ಹಾಕಿಸಿಕೊಂಡ ನಾಯಿಯ ಪಕ್ಕ ಮಲಗಿ, ಅದರ ಕತ್ತು ನೆಕ್ಕಿದರೂ ಸಾಕು, ಕೆಲವು ಗಂಟೆಗಳಲ್ಲಿ ನಡುಕ, ಕಿವಿ ಪಟಪಟ ಆಡೋದು, ಫಿಟ್ಸ್. ಹಾಗಾದರೆ ಉಗುರುಬೆಚ್ಚಗಿನ ನೀರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಬೇಕು. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಡಬ್ಬಿ ಮನೆಗೇ ಬರಬಾರದು ಅನ್ನೋದು ನನ್ನ ಅಭಿಪ್ರಾಯ. ಮೊಲ ಇದ್ದರೆ ಫಿಪ್ರೊನಿಲ್ ಅದರ ಹತ್ತಿರವೂ ಸುಳಿಯಬಾರದು. ಒಂದೇ ಹಾಸಿಗೆಯಲ್ಲಿ ಮಲಗುವ ಎರಡು ಜೀವ, ಒಂದಕ್ಕೆ ಕವಚ, ಇನ್ನೊಂದಕ್ಕೆ ಸಾವು. ಅವೆರಡಕ್ಕೂ ಇದು ತಿಳಿಯೋದಕ್ಕೆ ಸಾಧ್ಯವಿಲ್ಲ. ಮನೆಯಲ್ಲಿ ಓದು ಬರುವವರು ನಾವು ಮಾತ್ರ ತಾನೇ?

ಮಗು ನಾಯಿಯ ಕತ್ತಿಗೆ ತೋಳು ಹಾಕಿ ಮುತ್ತಿಡುತ್ತೆ, ಅದು ಎಲ್ಲರ ಗಮನಕ್ಕೂ ಬರುತ್ತೆ. ಹಾಗಾಗಿ ಔಷಧಿಯನ್ನು ಮಗು ಮಲಗಿದ ಮೇಲೆ ರಾತ್ರಿ ಹಾಕ್ತೀವಿ, ಆ ರಾತ್ರಿ ನಾಯಿಗೆ ಬೇರೆ ಹಾಸಿಗೆ. ಸರಿ. ಯಾರ ಗಮನಕ್ಕೂ ಬಾರದವರು ಒಬ್ಬರಿದ್ದಾರೆ: ಮಾರನೇ ದಿನ ಬೆಳಿಗ್ಗೆ ಬಂದು ಅದೇ ಹಾಸಿಗೆಯ ಬಟ್ಟೆಯನ್ನು ಕೈಯಲ್ಲಿ ತಿಕ್ಕಿ ಒಗೆಯುವ, ನಾಯಿಯ ಮೈ ಬಾಚುವ ಕೆಲಸದ ಅಕ್ಕ. ಔಷಧಿ ಹಾಕಿದ ನಾಯಿಯನ್ನು ಸವರಿದರೆ ಅದರ ಅಂಶ ದಿನಗಟ್ಟಲೆ ಕೈಗೆ ಬರ್ತಾ ಇರುತ್ತೆ. ನಮಗೆ ಅದು ದಿನಕ್ಕೆ ನಾಲ್ಕು ಸಲ ಸವರುವ ಕೈ, ಅವರದ್ದು ನಾಲ್ಕು ಮನೆಯ ನಾಲ್ಕು ನಾಯಿ ಮುಟ್ಟುವ ಕೈ. ಇದರಿಂದ ಅವರಿಗೆ ಕಾಯಿಲೆ ಬರುತ್ತೆ ಅಂತ ಹೆದರಿಸೋದು ನನ್ನ ಉದ್ದೇಶವಲ್ಲ. ಆದರೆ ‘ಅಕ್ಕ, ನಿನ್ನೆ ರಾತ್ರಿ ಇದಕ್ಕೆ ಔಷಧಿ ಹಾಕಿದೀವಿ, ಎರಡು ದಿನ ಬಾಚಬೇಡಿ, ಬೆಡ್‌ಶೀಟ್ ಮಷಿನ್‌ಗೆ ಹಾಕ್ತೀನಿ’ ಅಂತ ಹೇಳೋದಕ್ಕೆ ಹತ್ತು ಸೆಕೆಂಡ್ ಸಾಕು. ಡಬ್ಬಿಯೊಳಗಿನ ಆ ಕಾಗದ ಇಂಗ್ಲಿಷಿನಲ್ಲಿದೆ. ಅದನ್ನು ಓದಿದ ನಾನು ನನ್ನ ಕೈ ತೊಳೆದುಕೊಂಡು ಸುಮ್ಮನಾದರೆ, ಎಚ್ಚರಿಕೆ ನನಗೆ, ವಿಷ ಅವರಿಗೆ ಅಂತ ಹಂಚಿದ ಹಾಗಾಯ್ತು.

ಇಲ್ಲಿಗೆ ಬಂದಾಗ ‘ಈಗ ಮಾತ್ರೆ ಬಂದಿದೆಯಲ್ಲ, ಈ ರಗಳೆಯೇ ಬೇಡ’ ಅನ್ನುವ ಉತ್ತರ ಸಿಗುತ್ತೆ. ಹೌದು, ತಿಂಗಳಿಗೋ ಮೂರು ತಿಂಗಳಿಗೋ ಒಂದು ಮಾತ್ರೆ. ಮಾಂಸದ ರುಚಿ. ಮೈಮೇಲೆ ಏನೂ ಇಲ್ಲ, ಬೆಕ್ಕು ನೆಕ್ಕಬಹುದು, ಮಗು ಅಪ್ಪಬಹುದು. ಉಣ್ಣೆ ಕಚ್ಚಿ ರಕ್ತ ಕುಡಿದಾಗ ಸಾಯುತ್ತೆ. ಆದರೆ ಏನಾಯ್ತು ಅಂತ ನೋಡಿ. ಅಪಾಯ ಹೋಗಲಿಲ್ಲ, ಜಾಗ ಬದಲಾಯಿಸಿತು. ಹನಿ ಹಾಕಿದಾಗ ಅದರ ಸ್ವಲ್ಪ ಪಾಲು ಮನೆಯವರೆಲ್ಲ ಹೊತ್ತಿದ್ದೆವು: ನನ್ನ ಬೆರಳು, ಮಗುವಿನ ಕೆನ್ನೆ, ಸೋಫಾ. ಮಾತ್ರೆಯಲ್ಲಿ ಅದಷ್ಟೂ ನಾಯಿಯ ರಕ್ತದೊಳಗೆ ಹೋಯ್ತು. 2018ರಲ್ಲಿ ಅಮೆರಿಕದ ಎಫ್‌ಡಿಎ ಈ ಬಗೆಯ, ಐಸಾಕ್ಸಜೋಲಿನ್ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ತೂರಾಟ, ಫಿಟ್ಸ್ ಬರಬಹುದು ಅಂತ ಎಚ್ಚರಿಸಿತು. ಹಿಂದೆ ಫಿಟ್ಸ್ ಬಂದಿರದ ನಾಯಿಗಳಲ್ಲೂ. ಹೆಚ್ಚಿನ ನಾಯಿಗಳಿಗೆ ಇವು ಸುರಕ್ಷಿತ ಅಂತಲೂ ಹೇಳಿತು, ಅದೂ ನಿಜ. ನಾನು ಮಾತ್ರೆಯ ವಿರೋಧಿಯಲ್ಲ. ಬೆಕ್ಕು, ಅಂಬೆಗಾಲಿಡುವ ಮಗು ಇರುವ ಮನೆಗೆ ಮಾತ್ರೆಯೇ ಸರಿ ಅನ್ನುವವರ ಜೊತೆ ಒಪ್ತೀನಿ. ಫಿಟ್ಸ್ ಇರುವ ನಾಯಿಗೆ ಅದು ಬೇಡ ಅನ್ನುವವರ ಜೊತೆಯೂ ಒಪ್ತೀನಿ. ನನಗೆ ಕಸಿವಿಸಿ ಆಗೋದು ‘ಇದರಲ್ಲಿ ಮೆಸ್ ಇಲ್ಲ’ ಅನ್ನುವ ಒಂದೇ ಕಾರಣಕ್ಕೆ ಆರಿಸಿದಾಗ. ನನಗೆ ಕಾಣಿಸದ ಕಡೆ ಹೋದದ್ದನ್ನು ಇಲ್ಲ ಅಂತ ಲೆಕ್ಕ ಹಾಕಿದಾಗ.

ಕಾಣಿಸದ ಇನ್ನೊಂದು ಕಡೆ ನೀರು. ಇಂಗ್ಲೆಂಡಿನ 20 ನದಿಗಳಿಂದ 2016ರಿಂದ 2018ರವರೆಗೆ ತೆಗೆದ ನೀರಿನ ಮಾದರಿಗಳನ್ನು ಸಸೆಕ್ಸ್ ವಿಶ್ವವಿದ್ಯಾಲಯದವರು ನೋಡಿ 2020ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲ ಮಾದರಿಯಲ್ಲೂ ಫಿಪ್ರೊನಿಲ್, ಮೂರರಲ್ಲಿ ಎರಡು ಪಾಲಿನಲ್ಲಿ ಇಮಿಡಾಕ್ಲೋಪ್ರಿಡ್. ಅಲ್ಲಿ ಹೊಲಗಳಲ್ಲಿ ಇವುಗಳ ಬಳಕೆ ನಿಂತಿದೆ ಅಥವಾ ನಿಲ್ಲುತ್ತಿದ್ದ ಕಾಲ. ಚರಂಡಿ ನೀರು ಶುದ್ಧೀಕರಿಸುವ ಘಟಕಗಳ ಕೆಳಗೆ ಪ್ರಮಾಣ ಹೆಚ್ಚಿತ್ತು. ನಾಯಿ ಬೆಕ್ಕುಗಳ ಸ್ನಾನದ ನೀರು, ಅವುಗಳ ಹಾಸಿಗೆ ಒಗೆದ ನೀರು, ನಮ್ಮ ಕೈ ತೊಳೆದ ನೀರು. ನದಿಯಲ್ಲಿ ಮೀನು ತಿನ್ನುವ ಹುಳುಗಳಿಗೆ ನಾಯಿಯ ಉಣ್ಣೆಯದ್ದೇ ನರ, ಅದೇ ಬಾಗಿಲು. ಬ್ರಿಟನ್ನಿನ ಪಶುವೈದ್ಯರ ಸಂಘ 2021ರಲ್ಲಿ, ಕಣ್ಣು ಮುಚ್ಚಿ ಎಲ್ಲ ಪ್ರಾಣಿಗೂ ತಿಂಗಳು ತಿಂಗಳು ಹಾಕೋದು ನಿಲ್ಲಿಸಿ, ಅಪಾಯ ಎಷ್ಟಿದೆ ನೋಡಿ ಹಾಕಿ ಅಂತು.

ಇದನ್ನು ಓದಿ ಬೆಂಗಳೂರಿನಲ್ಲೂ ಹಾಗೇ ಮಾಡಬೇಕು ಅಂತ ಹೊರಡುವವರು ಇದ್ದಾರೆ. ನಿಧಾನಿಸಿ ಅಂತೀನಿ. ಚಳಿಯಲ್ಲಿ ಉಣ್ಣೆಯ ಕಾಟ ತಗ್ಗುವ ದೇಶದ ಸಂಯಮ ನಮಗೆ ಹಾಗೇ ಹೊಂದಲ್ಲ. ನಾಲ್ಕನೇ ಮಹಡಿಯಿಂದ ಕೆಳಗಿಳಿಯದ ಶಿಟ್ಜುವಿಗೆ ಪ್ರತಿ ತಿಂಗಳು ಬೇಕಾ ಅನ್ನೋದು ಕೇಳಬೇಕಾದ ಪ್ರಶ್ನೆ. ದಿನಾ ಕೆರೆಯಂಚಿನ ಹುಲ್ಲಿನಲ್ಲಿ ಹೊರಳುವ ನಾಯಿಗೆ ಆ ಪ್ರಶ್ನೆಯೇ ಇಲ್ಲ. ಹಾಕಿದ ವಾರವೇ ಕೆರೆಗೆ ಈಜೋಕೆ ಬಿಡೋದನ್ನಂತೂ ತಪ್ಪಿಸಬಹುದು. ಖಾಲಿ ಪಿಪೆಟ್ಟನ್ನು ಸಿಂಕಿನಲ್ಲಿ ತೊಳೆದು ‘ರೀಸೈಕಲ್’ ಮಾಡುವ ಒಳ್ಳೆಯತನವನ್ನೂ. ಅದು ಕಾಗದದಲ್ಲಿ ಸುತ್ತಿ ಅಪಾಯಕಾರಿ ಕಸದ ಜೊತೆ ಹೋಗಬೇಕಾದದ್ದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಗೇಟಿನ ಹೊರಗಿನದು. ನಮ್ಮ ನಾಯಿಯ ಉಣ್ಣೆ ಬರೋದು ಬೀದಿಯಿಂದ ಅಂತ ನಾವಂತೀವಿ. ಬೀದಿ ನಾಯಿಗಳಿಗೆ ಬಾಯಿದ್ದರೆ ನಿಮ್ಮ ಅಪಾರ್ಟ್‌ಮೆಂಟಿನಿಂದ ಅನ್ನುತ್ತಿದ್ದವೇನೋ. ಅನ್ನ ಹಾಕುವವರಿಗೆ ಅವುಗಳ ಕಿವಿಯೊಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಉಣ್ಣೆ ತೂಗೋದು ಕಾಣುತ್ತೆ, ಕರುಳು ಚುರುಕ್ ಅನ್ನುತ್ತೆ. ದುಡ್ಡು ಕೂಡಿಸಿ ಪಿಪೆಟ್ ತರ್ತಾರೆ. ಬಿಸ್ಕತ್ತು ತಿನ್ನುತ್ತಿರುವಾಗ ಕತ್ತಿಗೆ ಹಿಂಡಿ, ಫೋಟೋ ಹಾಕಿ, ಆಫೀಸಿಗೆ ಹೋಗ್ತಾರೆ. ಆ ಕೆಲಸ ಮಾಡುವವರನ್ನು ಕಂಡರೆ ನನಗೆ ಗೌರವವೇ. ಆದರೆ ನಾನು ಈವರೆಗೆ ಬರೆದದ್ದೆಲ್ಲ ಅಲ್ಲಿ ಕುಸಿಯುತ್ತೆ. ತೂಕ ಗೊತ್ತಿಲ್ಲ. ಅದು ಮರಿಗೆ ಹಾಲು ಕೊಡುತ್ತಿರಬಹುದು. 8 ವಾರ ತುಂಬದ ಮರಿಗಳಿಗೆ ಇಂಥ ಬಹುತೇಕ ಔಷಧಿ ಹಾಕುವ ಹಾಗಿಲ್ಲ, ಆದರೆ ಅವು ಇಡೀ ದಿನ ಅಮ್ಮನ ಮೈಮೇಲೆಯೇ ಇರುತ್ತವೆ. ಜೊತೆಯ ನಾಯಿಗಳು ಒಂದರ ಕತ್ತನ್ನು ಒಂದು ನೆಕ್ಕುತ್ತವೆ. ಮಧ್ಯಾಹ್ನ ಮಳೆ ಬರುತ್ತೆ. ಸಂಜೆ ಅದು ನಡುಗಿದರೆ, ಯಾವ ಸಂದಿಯಲ್ಲಿ ನಡುಗಿತು ಅಂತ ಯಾರಿಗೂ ತಿಳಿಯಲ್ಲ.

ಹಾಗಂತ ಕಿವಿಯ ಗೊಂಚಲನ್ನು ನೋಡಿಕೊಂಡು ಸುಮ್ಮನಿರೋದಾ? ಅದನ್ನು ನಾನು ಹೇಳಲಾರೆ. ನಮ್ಮ ಬೀದಿಯಲ್ಲಿ ಅನ್ನ ಹಾಕುವ ಏಳು ಜನರ ಗುಂಪಿನಲ್ಲಿ ಈ ಮಾತು ಬಂದು, ಎರಡು ವಾರ ಜಗಳವಾಗಿ, ಒಬ್ಬರು ಗುಂಪು ಬಿಟ್ಟು ಮತ್ತೆ ಸೇರಿದ ಮೇಲೆ ಒಂದು ವ್ಯವಸ್ಥೆ ಆಗಿದೆ. ವ್ಯಾಕ್ಸಿನ್ ಹಾಕೋಕೆ ಡಾಕ್ಟರು ಬಂದಾಗ ಅವರ ಕಣ್ಣಳತೆಯಲ್ಲಿ ತೂಕ ಬರೆದುಕೊಳ್ಳೋದು, ಗುಂಪಿನ ಗಡಿಯಲ್ಲಿರುವ ನಾಯಿಯಾದರೆ ಅವರನ್ನು ಕೇಳದೆ ಹಾಕದಿರೋದು. ಹಾಲು ಕೊಡುವ ನಾಯಿಗೆ ಹನಿ ಇಲ್ಲ, ಚಿಮಟ ಹಿಡಿದು ಒಂದೊಂದೇ ಕೀಳೋದು, ಎಷ್ಟಾಗುತ್ತೋ ಅಷ್ಟು. ಉಳಿದವಕ್ಕೆ ಭಾನುವಾರ ಬೆಳಿಗ್ಗೆ ಮಾತ್ರ ಹಾಕೋದು. ಆ ದಿನ ನಮ್ಮಲ್ಲಿ ಯಾರಾದರೂ ಇಬ್ಬರು ಸಂಜೆಯವರೆಗೆ ಮನೆಯಲ್ಲಿರ್ತಾರೆ, ಎರಡು ಗಂಟೆಗೊಮ್ಮೆ ಕೆಳಗಿಳಿದು ನೋಡಿ ಬರ್ತಾರೆ. ಈ ಭಾನುವಾರ ನನ್ನ ಸರದಿ.